ಜಾಬಿರ್‌ರ ಒಂಟೆಯೂ ನಮ್ಮ ಮೋಟಾರ್ ಸೈಕಲ್ಲೂ

(ವಿಜಯನಗರದಲ್ಲಿ ಜರಗಿದ ಸಾಪ್ತಾಹಿಕ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಗಳು ತೆರೆಯುವ ತಿಂಗಳು ಬಂತೆಂದರೆ ನಮ್ಮ ಮೊಹಲ್ಲಾಗಳ ಅನೇಕ ಮನೆಗಳಲ್ಲಿ ಒಂದು ಮಾತು ಹೊರಡುತ್ತದೆ: ಗಾಡಿಯನ್ನು ಕೊಟ್ಟುಬಿಡೋಣವೇ? ಮಕ್ಕಳ ಫೀಸು, ಮನೆಯ ಮುಂಗಡ, ತಾಯಿಯ ಶಸ್ತ್ರಚಿಕಿತ್ಸೆ, ಹೀಗೆ ಕಾರಣಗಳು ಬೇರೆ ಬೇರೆ. ಮಾರಬಹುದಾದ ವಸ್ತು ಮಾತ್ರ ಒಂದೇ, ಬಾಗಿಲ ಮುಂದೆ ನಿಂತಿರುವ ಮೋಟಾರ್ ಸೈಕಲ್. ಪಾದರಾಯನಪುರ, ಗೋರಿಪಾಳ್ಯದಿಂದ ಕೆಂಗೇರಿಯವರೆಗೆ ದುಡಿಯುವ ಜನರಿಗೆ ಅದು ಬರೀ ವಾಹನವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಮಹಾ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೂ ತಂದೆಯ ಯೆಜ್ಡಿಯನ್ನೋ ಅಣ್ಣನ ಆರ್‌ಎಕ್ಸನ್ನೋ ಇಂದಿಗೂ ಒರೆಸಿ ಮುಚ್ಚಿಡುವವರು ನಮ್ಮ ನಡುವೆ ಇದ್ದಾರೆ. ಅಂಥದ್ದನ್ನು ಮಾರುವಾಗ ಕಣ್ಣು ಒದ್ದೆಯಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಾಚಿಕೆಪಡಬೇಕಾದ ವಿಷಯ ಬೇರೊಂದಿದೆ. ಗಾಡಿ ಮಾರಿದರೆ ನೆರೆಹೊರೆಯವರು ಏನೆಂದುಕೊಂಡಾರು ಎಂಬ ಭಯದಿಂದ ನಾವು ಮೀಟರ್ ಬಡ್ಡಿಯವನ ಬಾಗಿಲು ತಟ್ಟುತ್ತೇವೆ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 2004ರಿಂದಲೇ ಇದೆ. ಸಾಲ ವಸೂಲಿಯ ಕಿರುಕುಳ ಮಿತಿ ಮೀರಿದಾಗ 2025ರ ಫೆಬ್ರುವರಿಯಲ್ಲಿ ಸರಕಾರವು ಮೈಕ್ರೋಫೈನಾನ್ಸ್ ಕಂಪೆನಿಗಳ ವಿರುದ್ಧ ಸುಗ್ರೀವಾಜ್ಞೆಯನ್ನೂ ತಂದಿತು. ಆದರೆ ಬಡ್ಡಿಯನ್ನು ಅಲ್ಲಾಹನೇ ನಿಷಿದ್ಧಗೊಳಿಸಿರುವಾಗ ನಾವು ಸುಗ್ರೀವಾಜ್ಞೆಗೆ ಕಾಯಬೇಕಾಗಿತ್ತೇ? ತನ್ನ ಸ್ವಂತ ವಸ್ತುವನ್ನು ಮಾರಿ ಮಗಳ ಫೀಸು ಕಟ್ಟಿದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಇನ್ನೊಂದು ಬಗೆಯ ಮಾರಾಟವೂ ನಮ್ಮ ಸಮುದಾಯದಲ್ಲಿ ನಡೆಯುತ್ತಿದೆ. ಹೇಳಲು ಸಂಕಟವಾಗುತ್ತದೆ, ಆದರೆ ಹೇಳದೆ ವಿಧಿಯಿಲ್ಲ. ಬಡ ತಂದೆಯೊಬ್ಬನು ತನ್ನ ಹಳೆಯ ಬೈಕನ್ನು ಮಾರಿ, ಮೇಲೆ ಸಾಲ ಮಾಡಿ, ಭಾವೀ ಅಳಿಯನಿಗೆ ಹೊಸ ಬೈಕನ್ನು ಕೊಡಿಸುತ್ತಾನೆ. ಬಳಿಕ ತಾನು ಬಸ್ಸಿಗೆ ಕಾದು ನಿಲ್ಲುತ್ತಾನೆ. ಇದನ್ನು ನಾವು 'ಜೋಡೆ ಕಿ ರಕಮ್', 'ಉಡುಗೊರೆ' ಎಂದೆಲ್ಲ ಕರೆದರೂ 1961ರ ಕಾನೂನಿನ ಪ್ರಕಾರ ಅದು ವರದಕ್ಷಿಣೆಯೇ. ವಧುವಿಗೆ ಮಹ್ರ್ ಕೊಡಬೇಕಾದವನು ಮಾವನ ಸವಾರಿಯನ್ನೇ ಕಿತ್ತುಕೊಳ್ಳುವುದು ಯಾವ ಸುನ್ನತ್?

ಈಗ ಹದೀಸಿನ ಕಡೆಗೆ ಬರೋಣ. ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಒಂಟೆಯ ಪ್ರಸಂಗವನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ವರದಿ ಮಾಡಿವೆ. ಅವರ ತಂದೆ ಉಹುದ್‌ನಲ್ಲಿ ಹುತಾತ್ಮರಾಗಿದ್ದರು. ಸಾಲವನ್ನೂ ಹಲವು ಹೆಣ್ಣುಮಕ್ಕಳನ್ನೂ ಬಿಟ್ಟುಹೋಗಿದ್ದರು. ತಂಗಿಯರನ್ನು ನೋಡಿಕೊಳ್ಳಲೆಂದೇ ಜಾಬಿರ್‌ರು ವಯಸ್ಸಿನಲ್ಲಿ ಪ್ರೌಢಳಾದ ಒಬ್ಬ ವಿಧವೆಯನ್ನು ವಿವಾಹವಾಗಿದ್ದರು. ಮನೆಯಲ್ಲಿದ್ದದ್ದು ಒಂದು ಒಂಟೆ. ದಂಡಯಾತ್ರೆಯೊಂದರಿಂದ ಮರಳುವಾಗ ಅದು ಸೋತು ಹಿಂದುಳಿಯಿತು. ಪ್ರವಾದಿವರ್ಯರು(ಸ) ಅದನ್ನು ತಟ್ಟಿ ಪ್ರಾರ್ಥಿಸಿದರು. ಅದು ಎಲ್ಲಕ್ಕಿಂತ ಮುಂದೆ ಓಡತೊಡಗಿತು. ಆಗ ಅವರು ಒಂಟೆಯನ್ನು ತಮಗೆ ಮಾರುವಂತೆ ಕೇಳಿದರು. ಬೇರೆ ಒಂಟೆಯಿಲ್ಲದ್ದರಿಂದ ಜಾಬಿರ್‌ರು ಹಿಂಜರಿದರು, ಕೊನೆಗೆ ಒಪ್ಪಿದರು. ಆದರೆ ಮದೀನಾ ತಲುಪುವವರೆಗೆ ತಾನೇ ಸವಾರಿ ಮಾಡುವೆನೆಂಬ ಷರತ್ತು ಹಾಕಿದರು. ಊರಿಗೆ ಬಂದು ಒಂಟೆ ಮಾರಿದ ಸುದ್ದಿ ತಿಳಿಸಿದಾಗ ಸೋದರಮಾವ ಗದರಿದರೆಂದೂ ವರದಿಯಲ್ಲಿದೆ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ! ಮರುದಿನ ಒಂಟೆಯನ್ನು ಒಪ್ಪಿಸಲು ಹೋದಾಗ ಬೆಲೆಯನ್ನು ತೂಗಿ, ತಕ್ಕಡಿ ಇನ್ನೂ ವಾಲುವಂತೆ ಹೆಚ್ಚು ಕೊಡಲು ಬಿಲಾಲ್(ರ)ರಿಗೆ ಆದೇಶವಾಯಿತು. ಹೊರಟವರನ್ನು ಮತ್ತೆ ಕರೆದು ಒಂಟೆಯನ್ನೂ ಅವರಿಗೇ ಕೊಡಲಾಯಿತು.

ಈ ಪ್ರಸಂಗವನ್ನು ಮದ್ರಸಗಳಲ್ಲಿ ಷರತ್ತುಬದ್ಧ ಮಾರಾಟದ ಅಧ್ಯಾಯದಲ್ಲಿ ಓದುತ್ತೇವೆ. ಅಂಥ ಷರತ್ತು ಸಿಂಧುವೇ ಅಲ್ಲವೇ ಎಂಬ ಬಗ್ಗೆ ಇಮಾಮರ ಭಿನ್ನಾಭಿಪ್ರಾಯಗಳನ್ನು ಕಂಠಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ಕೊಳ್ಳುವವರು ಮಾರುವವನ ಮನೆಯ ಸ್ಥಿತಿಯನ್ನು ಅರಿತಿದ್ದರು ಎಂಬ ಅಂಶ ಮಾತ್ರ ಜಾರಿಹೋಗುತ್ತದೆ. ನಾವೂ ಮಾರುವವನ ಸ್ಥಿತಿಯನ್ನು ಅರಿತುಕೊಳ್ಳುತ್ತೇವೆ, ಆದರೆ ಬೆಲೆ ಇಳಿಸುವುದಕ್ಕಾಗಿ! ಮಗು ಆಸ್ಪತ್ರೆಯಲ್ಲಿದೆ, ಸಂಜೆಯೊಳಗೆ ಹಣ ಬೇಕು ಎಂದು ತಿಳಿದೊಡನೆ ನಲವತ್ತು ಸಾವಿರದ ಗಾಡಿಗೆ ಇಪ್ಪತ್ತೆರಡು ಎನ್ನುತ್ತೇವೆ. ಗೆಳೆಯನೊಬ್ಬನನ್ನು ಕಳುಹಿಸಿ ಹದಿನೆಂಟು ಎನ್ನಿಸುತ್ತೇವೆ. ಆ ಮೇಲೆ ಇಪ್ಪತ್ತೆರಡೇ ಉಪಕಾರವೆಂಬಂತೆ ತೋರುತ್ತದೆ. ಹಝ್ರತ್ ಜರೀರ್(ರ)ರ ವಿಷಯದಲ್ಲಿ ಬಂದಿರುವ ವರದಿ ಇದಕ್ಕೆ ತದ್ವಿರುದ್ಧ. ಮುನ್ನೂರಕ್ಕೆ ಮಾತಾಗಿದ್ದ ಕುದುರೆ ಹೆಚ್ಚಿನ ಬೆಲೆಯದೆಂದು ಕಂಡು ತಾವೇ ಏರಿಸುತ್ತಾ ಎಂಟುನೂರು ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ಕೊಟ್ಟ ಮಾತೇ ಅದಕ್ಕೆ ಕಾರಣವೆಂದರು.

ಮಾರುವವನಿಗೂ ಹೊಣೆಯಿದೆ. ಎಂಜಿನ್ ಬಿಚ್ಚಿ ಕಟ್ಟಿದ್ದು, ಚಾಸಿ ಬೆಸುಗೆಯಾದದ್ದು, ಸಾಲ ತೀರದಿರುವುದು, ದಂಡದ ಬಾಕಿ, ಇವನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ದೋಷ ಮುಚ್ಚಿಟ್ಟ ವ್ಯಾಪಾರದಿಂದ ಬರಕತ್ ಅಳಿಸಿಹೋಗುತ್ತದೆಂದು ಹದೀಸ್ ಎಚ್ಚರಿಸಿದೆ. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನೂ ತಿಳಿಸಬೇಕು.

ಕಾಗದಪತ್ರದಲ್ಲಂತೂ ನಮ್ಮವರ ಉದಾಸೀನ ಹೇಳತೀರದು. ಪರಿಚಯದವನೆಂದು ಕೀಲಿಕೈ ಕೊಟ್ಟು, ಹಣ ಎಣಿಸಿ, ಸಲಾಮ್ ಹೇಳಿ ಬಂದುಬಿಡುತ್ತೇವೆ. ಮೋಟಾರು ವಾಹನ ಕಾಯ್ದೆ 1988ರ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ತಿಳಿಸಬೇಕು. ಅದಕ್ಕೆ ಫಾರಂ 29, ಹೆಸರು ಬದಲಾವಣೆಗೆ ಫಾರಂ 30. ಸಾಲವಿದ್ದ ಗಾಡಿಗೆ ಫಾರಂ 35 ಕೂಡ ಬೇಕು. ಗಾಡಿಯ ಮೇಲೆ ಕೆಎ 02 ಇದ್ದರೆ ರಾಜಾಜಿನಗರದ ಆರ್‌ಟಿಒ, ಕೆಎ 41 ಇದ್ದರೆ ಜ್ಞಾನಭಾರತಿ. 2007ರಲ್ಲೇ ಮಾರಲ್ಪಟ್ಟು ಕೈಯಿಂದ ಕೈಗೆ ಹೋದ ಕಾರೊಂದು 2009ರಲ್ಲಿ ಅಪಘಾತವೆಸಗಿತು. ನೋಂದಣಿ ಬದಲಾಗದ್ದರಿಂದ ಪರಿಹಾರದ ಹೊಣೆ ದಾಖಲೆಯಲ್ಲಿದ್ದ ಮೊದಲ ಮಾಲಿಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ, ಕುರ್‌ಆನಿನ ಅತಿ ದೀರ್ಘ ಸೂಕ್ತವು ಅಲ್‌ಬಕರಃ ಅಧ್ಯಾಯದಲ್ಲಿದೆ. ಅದನ್ನು ಪಠಿಸುವ ನಾವು ಒಂದು ಫಾರಂ ತುಂಬಲು ಬೇಸರಿಸುತ್ತೇವೆ.

ಒಂದು ಸಲಹೆಯನ್ನು ನಿಮ್ಮ ಮುಂದಿಡುತ್ತೇವೆ. ನಮ್ಮ ಮೊಹಲ್ಲಾಗಳಲ್ಲಿ ಗ್ಯಾರೇಜು ನಡೆಸುವ ಸಹೋದರರಿಗೆ ಬರವಿಲ್ಲ. ಅವರಲ್ಲಿ ಇಬ್ಬರು ಜುಮುಅಃ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಅರ್ಧ ಗಂಟೆ ಕೂತು, ಮಾರಾಟಕ್ಕೆ ಬಂದ ಗಾಡಿಯನ್ನು ಪರೀಕ್ಷಿಸಿ ನ್ಯಾಯವಾದ ಬೆಲೆಯನ್ನೂ ದೋಷಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಡಲಿ. ಫಾರಂ ತುಂಬಲು ಕಾಲೇಜಿಗೆ ಹೋಗುವ ಹುಡುಗರು ನೆರವಾಗಲಿ. ಹೆಸರು ಬದಲಾಗುವ ಮುನ್ನವೇ ಹಣ ಬೇಕಾದವನಿಗೆ ಬೈತುಲ್ ಮಾಲ್‌ನಿಂದ ಬಡ್ಡಿಯಿಲ್ಲದ ಕೈಗಡ ಕೊಟ್ಟು, ಗಾಡಿಯ ಹಣ ಬಂದಾಗ ಹಿಂಪಡೆಯಬಹುದು. ಕಮಿಟಿಯವರು ಇಲ್ಲೇ ಇದ್ದಾರೆ. ಬರುವ ಶುಕ್ರವಾರದಿಂದಲೇ ಆರಂಭಿಸಲು ಸಾಧ್ಯವೇ ಎಂದು ಅವರು ಈಗಲೇ ಹೇಳಲಿ.