ಪುಟ್ಟ ಕೊರಳುಗಳ ನಾಡು

ಅರ್ಮೇನಿಯ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಭೂಗೋಳದ ಪಾಠದಲ್ಲಿ ಒಮ್ಮೆ ಕೇಳಿ ಮರೆತಿರಬಹುದು. ಕಾಕಸಸ್ ಪರ್ವತಗಳ ದಕ್ಷಿಣಕ್ಕೆ, ಸಮುದ್ರದ ನಂಟಿಲ್ಲದ, ಸುಮಾರು 30 ಲಕ್ಷ ಜನರಿರುವ ಚಿಕ್ಕ ದೇಶ ಅದು. ಅಲ್ಲಿನ ಮಕ್ಕಳ ಮೇಳವೊಂದರ ಹಾಡುಗಾರಿಕೆಯನ್ನು ಈಚೆಗೆ ಧ್ವನಿಮುದ್ರಣದಲ್ಲಿ ಕೇಳಿದೆ. ಒಂದು ಪದವೂ ತಿಳಿಯಲಿಲ್ಲ. ಬದುಕಿನ ಬಹುಪಾಲನ್ನು ತರಗತಿಯಲ್ಲಿ ಪದಕ್ಕೆ ಅರ್ಥ ಬಿಡಿಸಿ ಹೇಳುವುದರಲ್ಲೇ ಕಳೆದ ನನ್ನಂಥವನಿಗೆ ಅದೊಂದು ಬಗೆಯ ಶಿಕ್ಷೆಯೇ. ಆದರೂ ನಡುವೆ ಎದ್ದು ಹೋಗಲಾಗಲಿಲ್ಲ.

ಮೇಳದ ಹೆಸರನ್ನು ಕನ್ನಡದಲ್ಲಿ 'ಅರ್ಮೇನಿಯದ ಪುಟ್ಟ ಗಾಯಕರು' ಎನ್ನಬಹುದು. ರಾಜಧಾನಿ ಯೆರೆವಾನಿನಲ್ಲಿ 1992ರಲ್ಲಿ ಟಿಗ್ರಾನ್ ಹೆಕೆಕ್ಯಾನ್ ಅವರು ಅದನ್ನು ಕಟ್ಟಿದರು. ಆ ವರ್ಷ ಎಂಥದೆಂಬುದನ್ನು ನೆನೆಯಬೇಕು. 1988ರ ಡಿಸೆಂಬರ್ 7ರ ಭೂಕಂಪದಲ್ಲಿ ಸುಮಾರು 25,000 ಜನ ಸತ್ತಿದ್ದರು. ಆ ಭೀತಿಯಲ್ಲಿ ದೇಶದ ಅಣುವಿದ್ಯುತ್ ಸ್ಥಾವರವನ್ನು 1989ರಲ್ಲಿ ಮುಚ್ಚಿದ್ದರು. 1991ರಲ್ಲಿ ಸ್ವಾತಂತ್ರ್ಯ ಬಂದಿತು. ಅದರೊಂದಿಗೆ ನೆರೆಯವರೊಡನೆ ಯುದ್ಧ, ಗಡಿಗಳ ದಿಗ್ಬಂಧನ. ಆ ಚಳಿಗಾಲಗಳಲ್ಲಿ ಮನೆಗಳಿಗೆ ವಿದ್ಯುತ್ತು ದೊರೆಯುತ್ತಿದ್ದುದು ದಿನಕ್ಕೆ ಒಂದೆರಡು ಗಂಟೆ. ಉರುವಲಿಗಾಗಿ ಜನ ಊರಿನ ಮರಗಳನ್ನೇ ಕಡಿದರು. ಅಂಥ ಹೊತ್ತಿನಲ್ಲಿ ಒಬ್ಬರು ಮಕ್ಕಳನ್ನು ಸೇರಿಸಿ ಹಾಡು ಕಲಿಸಲು ನಿಂತರು. ಮುಂದೆ ಆ ಮೇಳ ಯುರೋಪು, ಅಮೆರಿಕಗಳ ವೇದಿಕೆಗಳನ್ನೇರಿತು.

ಇಲ್ಲಿ ನನ್ನನ್ನು ಒಂದು ಶಂಕೆ ಕಾಡಿತು. 1915ರಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ಕಗ್ಗೊಲೆ ಆರಂಭವಾಯಿತು. ಸತ್ತವರು 10 ಲಕ್ಷಕ್ಕೂ ಮೇಲೆಂದು ಹಲವು ಇತಿಹಾಸಕಾರರ ಅಂದಾಜು. ಆ ದುಃಖದ ಹೊರೆಯನ್ನು ಹತ್ತು ವರ್ಷದ ಮಗುವಿನ ಹೆಗಲಿಗೇರಿಸಿ ದೇಶದೇಶಗಳಲ್ಲಿ ಮೆರೆಸುವುದು ಸರಿಯೆ? ಹಿರಿಯರ ಕಣ್ಣೀರನ್ನು ಮಕ್ಕಳು ಯಾಕೆ ಅಳಬೇಕು?

ಉತ್ತರ ಅವರು ಹಾಡುವ ಹಾಡುಗಳಲ್ಲೇ ಇತ್ತು. ಅರ್ಮೇನಿಯದ ಮೇಳಗಳಿಗೆಲ್ಲ ಮೂಲಪುರುಷರಂತೆ ಇರುವವರು ಕೋಮಿತಾಸ್ ಎಂಬ ಸನ್ಯಾಸಿ. ಬರ್ಲಿನಿನಲ್ಲಿ ಸಂಗೀತ ಕಲಿತು ಬಂದ ಅವರು ಹಳ್ಳಿಹಳ್ಳಿ ತಿರುಗಿ ಸಾವಿರಾರು ಹಾಡುಗಳನ್ನು ಬರೆದುಕೊಂಡರು. ಲೋರಿ ಸೀಮೆಯ ಉಳುಮೆಯ ಹಾಡಿನ ಮೇಲೆ ಒಂದು ದೊಡ್ಡ ಅಧ್ಯಯನವನ್ನೇ ಮಾಡಿದರು. ನಮ್ಮ ಸಂಗೀತದಂತೆ ಅಲ್ಲಿನ ಜನಪದವೂ ಒಂದೇ ಸ್ವರಧಾರೆಯದು. ಕೆಳಗೆ ಶ್ರುತಿಯಂತೆ ಒಂದು ಸ್ವರ ನಿಂತಿರುವುದೂ ಉಂಟು. ಕೋಮಿತಾಸ್ ಅದನ್ನು ಹಲವು ಕೊರಳುಗಳಿಗೆ ಹಂಚಿದರೂ ಜರ್ಮನ್ ಅಚ್ಚಿಗೆ ಹೊಯ್ಯಲಿಲ್ಲ. ಹಾಡಿನ ಒಳಗಿನಿಂದಲೇ ಉಳಿದ ಎಳೆಗಳನ್ನು ತೆಗೆದರು. ಮನೆಯಿಲ್ಲದವನ ಅಳಲಿನ ಹಾಡೂ ಅವರಲ್ಲಿದೆ, ನಿಜ. ಅದರ ಪಕ್ಕದಲ್ಲೇ ನೇಗಿಲು, ಕುಣಿತ, ಒಲವು, ಕವುಜುಗದ ಹಕ್ಕಿ. ಮಕ್ಕಳ ಕೈಗೆ ಸಿಕ್ಕಿರುವುದು ಬರಿಯ ಸಾವಿನ ಲೆಕ್ಕವಲ್ಲ, ಬದುಕಿದ್ದ ಒಂದು ಊರು.

1915ರ ಏಪ್ರಿಲ್ 24ರ ರಾತ್ರಿ ಬಂಧಿತರಾದವರಲ್ಲಿ ಕೋಮಿತಾಸರೂ ಒಬ್ಬರು. ಜೀವ ಉಳಿಯಿತು, ಮನಸ್ಸು ಉಳಿಯಲಿಲ್ಲ. 1935ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು; ಮರುವರ್ಷ ಅವರ ಅಸ್ಥಿಯನ್ನು ಯೆರೆವಾನಿಗೆ ತಂದರು.

ಇಂದು ಅರ್ಮೇನಿಯನ್ನರಲ್ಲಿ ನಾಡಿನೊಳಗಿರುವವರಿಗಿಂತ ಹೊರಗಿರುವವರೇ ಹೆಚ್ಚು. ಚದುರಿ ಬಾಳುವುದು ಅವರಿಗೆ ಹಳೆಯ ರೂಢಿ. ಅವರ ಭಾಷೆಯ ಮೊತ್ತಮೊದಲ ಪತ್ರಿಕೆ 'ಅಜ್ದರಾರ್' ಹೊರಟದ್ದು 1794ರಲ್ಲಿ, ನಮ್ಮ ನೆರೆಯ ಮದರಾಸಿನಲ್ಲಿ. ಹೊರಡಿಸಿದವರು ಹರುತ್ಯುನ್ ಶ್ಮವೋನ್ಯಾನ್ ಎಂಬ ಪಾದ್ರಿ. ಪ್ಯಾರಿಸಿನಲ್ಲೋ ಲಾಸ್ ಏಂಜಲೀಸಿನಲ್ಲೋ ಹುಟ್ಟಿದ ಮೂರನೆಯ, ನಾಲ್ಕನೆಯ ತಲೆಮಾರಿನವರಲ್ಲಿ ಆ ಭಾಷೆ ಬಾರದವರು ಎಷ್ಟೋ ಮಂದಿ. ಅಂಥವರಿಗೆ ಹಾಡು ಮೊದಲು ತಲುಪುತ್ತದೆ, ಅರ್ಥ ನಿಧಾನವಾಗಿ ಬರುತ್ತದೆ, ಅಥವಾ ಬಾರದೆಯೂ ಹೋಗುತ್ತದೆ.

ಇದಕ್ಕೆ ಕೋಮಿತಾಸರ ಬಾಲ್ಯವೇ ಸಾಕ್ಷಿ. ತುರ್ಕಿಯ ಕ್ಯುತಾಹ್ಯ ಎಂಬ ಊರಲ್ಲಿ 1869ರಲ್ಲಿ ಹುಟ್ಟಿದ ಅವರು ತಂದೆತಾಯಿಯಿಲ್ಲದ ಅನಾಥ. ಅಲ್ಲಿನ ಅರ್ಮೇನಿಯನ್ನರು ಆಡುತ್ತಿದ್ದುದು ತುರ್ಕಿ ಮಾತು. ಹನ್ನೆರಡರ ಪ್ರಾಯದ ಹುಡುಗನನ್ನು 1881ರಲ್ಲಿ ಎಚ್ಮಿಯಾದ್ಜಿನಿನ ಮಠಕ್ಕೆ ಕರೆತಂದಾಗ, ಅವನಿಗೆ ತಾಯ್ನುಡಿಯೇ ಬಾರದೆಂದು ಧರ್ಮಗುರುಗಳು ಅಸಮಾಧಾನಗೊಂಡರಂತೆ. ಮಾತು ಬಾರದು, ಹಾಡಬಲ್ಲೆ ಎಂದ ಹುಡುಗ. ತನಗೇ ಅರ್ಥವಾಗದ ಸ್ತೋತ್ರವೊಂದನ್ನು ಅರ್ಮೇನಿಯನ್ನಿನಲ್ಲಿ ಹಾಡಿದ. ಮುದುಕರ ಕಣ್ಣು ತುಂಬಿತು; ಹುಡುಗ ಅಲ್ಲೇ ಉಳಿದ.

ಈ ಕಥೆ ಓದಿದಂದು ನನಗೆ ನಾಚಿಕೆಯಾಯಿತು. ನನ್ನ ಮೊಮ್ಮಗಳು ಪರದೇಶದಲ್ಲಿ ಬೆಳೆಯುತ್ತಿದ್ದಾಳೆ. ಒಮ್ಮೆ ದೂರವಾಣಿಯಲ್ಲಿ, ತಾಯಿ ಕಲಿಸಿದ ಜೋಗುಳವೊಂದನ್ನು ನನಗಾಗಿ ಹಾಡತೊಡಗಿದಳು. ಎರಡನೆಯ ಸಾಲಿನಲ್ಲೇ ನಾನು ತಡೆದೆ: "ಳಕಾರ ಸರಿಯಿಲ್ಲ ಮಗೂ, ಇನ್ನೊಮ್ಮೆ ಹೇಳು." ಅವಳು ಸರಿಯಾಗಿಯೇ ಹೇಳಿದಳು. ಹಾಡನ್ನು ಮಾತ್ರ ಮುಂದುವರಿಸಲಿಲ್ಲ. ಆಮೇಲೆ ಎಂದೂ ಹಾಡಲಿಲ್ಲ.

ಮೇಷ್ಟರ ಕಿವಿ ತಪ್ಪನ್ನು ಬೇಗ ಹಿಡಿಯುತ್ತದೆ. ಎಚ್ಮಿಯಾದ್ಜಿನಿನ ಆ ಹಿರಿಯರು ಅಂದು ಹುಡುಗನ ತಪ್ಪನ್ನಷ್ಟೇ ಹಿಡಿದು ಹಿಂದಕ್ಕೆ ಕಳಿಸಿದ್ದರೆ ಯೆರೆವಾನಿನ ಮಕ್ಕಳ ಬಾಯಲ್ಲಿ ಇಂದು ಯಾವ ಹಾಡು ಇರುತ್ತಿತ್ತೋ. ಬರುವ ಬೇಸಿಗೆಗೆ ಮೊಮ್ಮಗಳು ಊರಿಗೆ ಬರುವವಳಿದ್ದಾಳೆ. ಈ ಸಲ ಹಾಡೆಂದು ನಾನೇ ಕೇಳಿಕೊಳ್ಳುತ್ತೇನೆ. ಅವಳು ಮುಗಿಸುವವರೆಗೆ ಸುಮ್ಮನಿರುವುದನ್ನು ಕಲಿಯುತ್ತೇನೆ.