ಇಪ್ಪತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆ



ಕೂಟಗಲ್ಲಿನಲ್ಲಿ ದಿನಸಿ ಅಂಗಡಿಯ ಲೆಕ್ಕ ಬರೆಯುತ್ತ ಮೂವತ್ತು ವರ್ಷ ಕಳೆದವನು ನಾನು. ನನ್ನ ಓದು ಮೆಟ್ರಿಕ್ಕಿಗೆ ನಿಂತಿತು. ಶಾಸ್ತ್ರ ಹೇಳಲು ಈ ವೇದಿಕೆಯಲ್ಲಿ ಪಂಡಿತರಿದ್ದಾರೆ. ನಾನು ಒಂದು ಸಂಖ್ಯೆಯ ವಿಷಯವನ್ನಷ್ಟೇ ಅರಿಕೆ ಮಾಡಿಕೊಳ್ಳುವೆನು.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರವನ್ನು ರಚಿಸಿದರು. ಕೇಶವವರ್ಣಿಯು ೧೩೫೯ರಲ್ಲಿ ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ಅದರ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಎರಡು ಬಗೆಯಲ್ಲಿ ಹೇಳಿದೆ. ಮೊದಲನೆಯದು, ಐದನೆಯ ಕೃತಿಯ ಘನವೆಂದು. ಕೃತಿಯೆಂದರೆ ವರ್ಗ. ಎರಡರ ವರ್ಗ ೪, ಅದರ ವರ್ಗ ೧೬, ಮುಂದೆ ೨೫೬, ೬೫೫೩೬, ಐದನೆಯದು ೪೨೯೪೯೬೭೨೯೬. ಇದರ ಘನ:

೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬

ಎರಡನೆಯ ಬಗೆಯಲ್ಲಿ ಈ ೨೯ ಅಂಕಿಗಳನ್ನೇ ಕಟಪಯಾದಿ ಕ್ರಮದಿಂದ ೨೯ ಅಕ್ಷರಗಳಾಗಿ ಪೋಣಿಸಿದ್ದಾರೆ. ಬಿಡಿ ಸ್ಥಾನದಿಂದ ಮೇಲಕ್ಕೆ ಓದಬೇಕು. ನಡುವೆ 'ವಿಮಲ' ಎಂದು ಬರುತ್ತದೆ: ವಿ ೪, ಮ ೫, ಲ ೩. ನಾವು ಎಡದಿಂದ ಬರೆಯುವಾಗ ಅದು ೩೫೪.

ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಅರ್ಧಚ್ಛೇದವೆಂಬ ಮಾತಿದೆ. ಆ ಟೀಕೆಯ ತಾಳೆಗರಿಗಳು ನಮ್ಮ ಮೂಡುಬಿದಿರೆಯಲ್ಲಿ ಉಳಿದುಬಂದವು. ಒಂದು ರಾಶಿಯನ್ನು ಒಂದಕ್ಕೆ ಇಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ. ಈ ಸಂಖ್ಯೆಯ ಅರ್ಧಚ್ಛೇದ ೯೬. ತೊಂಬತ್ತಾರು ಎರಡರಿಂದಲೂ ಮೂರರಿಂದಲೂ ಭಾಗವಾಗುವುದರಿಂದ ಇದು ವರ್ಗವೂ ಹೌದು, ಘನವೂ ಹೌದು. ಎರಡನ್ನು ಬಿಟ್ಟು ಬೇರೆ ಅವಿಭಾಜ್ಯವು ಇದನ್ನು ಭಾಗಿಸದು. ಇಷ್ಟು ದೊಡ್ಡದಾದರೂ ಇದು ಸಂಖ್ಯಾತವೇ. ಅಸಂಖ್ಯಾತ, ಅನಂತಗಳು ಇನ್ನೂ ಆಚೆಗಿವೆ.

ಈ ಉತ್ಸವಕ್ಕೆಂದು ಇದನ್ನು ಹಲಗೆಯ ಮೇಲೆ ನಾನೇ ಬಣ್ಣದಲ್ಲಿ ಬರೆದೆನು. ಅಂಗಡಿಯ ಅಭ್ಯಾಸದಂತೆ ಅಂಕಿಗಳನ್ನು ಕೂಡಿದೆನು, ೧೨೭ ಬಂತು. ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು. ಆರು ಎರಡುಗಳ ಗುಣಲಬ್ಧ ೬೪ಕ್ಕೂ ಶೇಷ ಒಂದೇ. ೯೬ರಲ್ಲಿ ಅಂತಹ ಆರುಗಳು ಹದಿನಾರು. ತಾಳೆಯಾಯಿತೆಂದು ಹಲಗೆಯನ್ನು ಒಣಗಲಿಟ್ಟೆನು.

ನನ್ನ ತಮ್ಮನ ಮಗಳು ಅದನ್ನು ಕಾಗದದ ಮೇಲೆ ಇಳಿಸಿಕೊಂಡು ಅರ್ಧ ಮಾಡುತ್ತ ಹೋದಳು. ಏಳು ಸಲ ಸರಿಯಾಯಿತು. ಎಂಟನೆಯ ಸಲ ಒಂದು ಉಳಿಯಿತು. "ದೊಡ್ಡಪ್ಪ, ಶಾಸ್ತ್ರದ ಲೆಕ್ಕವೇ ತಪ್ಪೇ?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಾನು ಸರಿಯಾಗಿ ನಿದ್ರಿಸಲಿಲ್ಲ.

ಬೆಳಿಗ್ಗೆ ಅಕ್ಷರಗಳನ್ನು ಒಂದೊಂದಾಗಿ ಹಿಡಿದು ನೋಡಿದೆನು. 'ವಿಮಲ' ಇರುವಲ್ಲಿ ನನ್ನ ಕೈ ೩೪೫ ಎಂದು ಬರೆದಿತ್ತು. ಅಂಕಿಗಳು ಸ್ಥಾನ ಬದಲಿಸಿದರೆ ಮೊತ್ತ ಬದಲಾಗದು. ಒಂಬತ್ತರ ತಾಳೆ ಹಿಡಿಯಲಾರದ ತಪ್ಪು ಇದೊಂದು. ಖಾತೆ ಪುಸ್ತಕದಲ್ಲಿ ಐವತ್ತನಾಲ್ಕನ್ನು ನಲವತ್ತೈದು ಮಾಡಿ ನಾನು ಗಂಟೆಗಟ್ಟಲೆ ಹುಡುಕಿದ್ದುಂಟು. ಇಲ್ಲಿ ಕಡಿಮೆಯಾದುದು ಒಂಬತ್ತು ಕೋಟಿ! ಆ ಒಂಬತ್ತು ಕೋಟಿ ಏಳೇ ಸಲ ಸಮವಾಗಿ ಅರ್ಧವಾಗುವುದು. ಹುಡುಗಿಯ ಲೆಕ್ಕ ಎಂಟನೆಯದರಲ್ಲಿ ನಿಂತುದು ಅದಕ್ಕೇ.

ಎರಡು ಅಂಕಿಗಳನ್ನು ಕೆರೆದು ತಿದ್ದಿದೆನು. ಅವಳು ಮತ್ತೆ ಮೊದಲಿನಿಂದ ತೊಂಬತ್ತಾರು ಸಲವೂ ಅರ್ಧ ಮಾಡಿ ಒಂದಕ್ಕೆ ಬಂದು ನಿಂತಳು. ಹಲಗೆಯನ್ನು ಬಸದಿಯ ಜಗಲಿಯಲ್ಲಿ ಇರಿಸಿದೆ. ಕೆರೆದ ಗುರುತು ಇನ್ನೂ ಕಾಣುತ್ತದೆ.