ದುಡ್ಡಿಲ್ಲದ ವ್ಯಾಪಾರ: ವಿನಿಮಯ ಜಾಲಕ್ಕೆ ಸೇರಬೇಕೇ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ವ್ಯಾಪಾರದ ಮಾತು ಏಕೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಕಾರಣ ನನ್ನ ಹತ್ತನೇ ತರಗತಿಯ ಒಬ್ಬ ಹುಡುಗ. ಒಂದು ದಿನ ಪಾಠ ಮುಗಿದ ಮೇಲೆ ಬಣ್ಣದ ಕರಪತ್ರವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಸರ್, ಇದಕ್ಕೆ ಸೇರಿದ್ರೆ ದುಡ್ಡಿಲ್ಲದೆ ವ್ಯಾಪಾರ ಮಾಡಬಹುದಂತೆ. ಸೇರಬೇಕೋ ಬೇಡವೋ ಸರ್ ಹತ್ರ ಕೇಳ್ಕೊಂಡು ಬಾ ಅಂತ ಅಬ್ಬಾ ಹೇಳಿದ್ರು" ಎಂದ. ಅವನ ತಂದೆಗೆ ಒಂದು ಸಣ್ಣ ವೆಲ್ಡಿಂಗ್ ಅಂಗಡಿ ಇದೆ. ಆ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. ನಾಲ್ಕಾರು ಪುಸ್ತಕ ನೋಡಿ, ವ್ಯಾಪಾರಸ್ಥರನ್ನು ಕೇಳಿ ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಸಂಘದ ಸದಸ್ಯರಲ್ಲಿ ಅಂಗಡಿ, ಗ್ಯಾರೇಜು, ಪ್ರೆಸ್ಸು, ಬೇಕರಿ ನಡೆಸುವವರೇ ಹೆಚ್ಚು. ಆದ್ದರಿಂದ ಇದು ಒಬ್ಬ ಹುಡುಗನ ಮನೆಯ ಪ್ರಶ್ನೆ ಮಾತ್ರವಲ್ಲ.

ಮೊದಲು, ಇದೇನು ಎಂದು ನೋಡೋಣ. ವಸ್ತುವಿಗೆ ವಸ್ತು ಕೊಡುವುದು ನಮಗೆ ಹೊಸದಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದ ಬಡಗಿಗೆ, ಕಮ್ಮಾರನಿಗೆ ರೈತ ವರ್ಷದ ಕೆಲಸಕ್ಕೆ ಪ್ರತಿಯಾಗಿ ಕಾಳು ಅಳೆದು ಕೊಡುತ್ತಿದ್ದ; ಅದನ್ನು ಆಯ ಎನ್ನುತ್ತಿದ್ದರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳು ಪದ್ಧತಿಯೂ ಇತ್ತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಕೂಗನ್ನು ನಮ್ಮ ಬೀದಿಗಳಲ್ಲಿ ನಾವೆಲ್ಲ ಕೇಳಿದ್ದೇವೆ.

ಇದರಲ್ಲಿ ಒಂದು ತೊಡಕಿದೆ. ನನಗೆ ಬೇಕಾದದ್ದು ನಿಮ್ಮಲ್ಲಿರಬೇಕು, ನಿಮಗೆ ಬೇಕಾದದ್ದು ನನ್ನಲ್ಲಿರಬೇಕು, ಅದೂ ಒಂದೇ ಸಮಯಕ್ಕೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1875ರಲ್ಲೇ ಈ ತೊಡಕನ್ನು ವಿವರಿಸಿದ್ದಾರೆ. ಇದನ್ನು ಬಿಡಿಸುವುದು ಹಣ.

ವಿನಿಮಯ ಜಾಲ ಇದೇ ತೊಡಕನ್ನು ಇನ್ನೊಂದು ರೀತಿಯಲ್ಲಿ ಬಿಡಿಸುತ್ತದೆ. ನೂರಾರು ವ್ಯಾಪಾರಿಗಳು ಒಂದು ಸಂಸ್ಥೆಯ ಸದಸ್ಯರಾಗುತ್ತಾರೆ. ನೀವು ಒಬ್ಬ ಸದಸ್ಯರಿಗೆ ಸರಕು ಕೊಟ್ಟರೆ ನಿಮ್ಮ ಖಾತೆಗೆ ಅಂಕಗಳು ಸೇರುತ್ತವೆ. ಆ ಅಂಕಗಳಿಂದ ಬೇರೆ ಯಾವ ಸದಸ್ಯರಿಂದ ಬೇಕಾದರೂ ಕೊಳ್ಳಬಹುದು. ಒಂದು ಅಂಕಕ್ಕೆ ಒಂದು ರೂಪಾಯಿ ಎಂದು ಲೆಕ್ಕ. ಆದರೆ ಅಂಕವನ್ನು ರೂಪಾಯಿಯಾಗಿ ಕೈಗೆ ಕೊಡುವುದಿಲ್ಲ. ಲೆಕ್ಕ ಇಡುವ ಸಂಸ್ಥೆ ಸಾಮಾನ್ಯವಾಗಿ ಪ್ರವೇಶ ಶುಲ್ಕ, ತಿಂಗಳ ಶುಲ್ಕ, ವ್ಯವಹಾರದ ಮೇಲೆ ಶೇಕಡಾವಾರು ಕಮಿಷನ್ ಪಡೆಯುತ್ತದೆ; ಹೆಚ್ಚಾಗಿ ಇವು ನಗದಿನಲ್ಲೇ.

ಈ ಏರ್ಪಾಡು ಬರೀ ಮೋಸವೆಂದು ತಳ್ಳಿಹಾಕುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1934ರಲ್ಲಿ, ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದಾಗ, ವರ್ನರ್ ಜಿಮ್ಮರ್‌ಮನ್ ಮತ್ತು ಪಾಲ್ ಎಂಜ್ ಎಂಬುವರು ಕೆಲವು ವ್ಯಾಪಾರಿಗಳನ್ನು ಕೂಡಿಸಿ 'ವೀರ್' ಎಂಬ ಸಹಕಾರ ಸಂಘ ಕಟ್ಟಿದರು. ಬ್ಯಾಂಕಿನಲ್ಲಿ ಸಾಲ ಸಿಗುತ್ತಿರಲಿಲ್ಲ, ಗಿರಾಕಿಯ ಕೈಯಲ್ಲಿ ಕಾಸಿರಲಿಲ್ಲ, ಆದರೆ ಕೆಲಸ ಬಲ್ಲ ಕೈಗಳೂ ಸರಕೂ ಇದ್ದವು. ಅದೇ ಸಂಘ ಮುಂದೆ ಬ್ಯಾಂಕಾಗಿ ಬೆಳೆದು ತೊಂಬತ್ತು ವರ್ಷ ದಾಟಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಸ್ಟಾಡರ್ ಅದರ ಹಳೆಯ ಲೆಕ್ಕಗಳನ್ನು ಅಧ್ಯಯನ ಮಾಡಿ, ದೇಶದ ವ್ಯಾಪಾರ ಮಂದವಾದಾಗ ವೀರ್ ವ್ಯವಹಾರ ಹೆಚ್ಚುತ್ತದೆ ಎಂದು ತೋರಿಸಿದ್ದಾರೆ. ನಗದು ಬತ್ತಿದಾಗ ಜನ ಅದರ ಕಡೆ ತಿರುಗುತ್ತಾರೆ; ಒಳ್ಳೆಯ ದಿನಗಳಲ್ಲಿ ನಗದನ್ನೇ ಬಯಸುತ್ತಾರೆ. ಅಲ್ಲಿಯೂ ಅನೇಕ ಸದಸ್ಯರು ಬಿಲ್ಲಿನ ಒಂದು ಪಾಲನ್ನು ಮಾತ್ರ ವೀರ್‌ನಲ್ಲಿ ಪಡೆದು ಉಳಿದದ್ದನ್ನು ಫ್ರಾಂಕ್‌ನಲ್ಲಿ ಕೇಳುತ್ತಾರೆ. ಜಾಲದಿಂದ ಸಾಲ ಪಡೆಯಬೇಕಾದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಇಡಬೇಕು.

ಇದಕ್ಕೆ ಎದುರಾದ ಉದಾಹರಣೆ ಅರ್ಜೆಂಟೀನಾ. ಬ್ಯೂನಸ್ ಐರಿಸ್ ಬಳಿಯ ಬೆರ್ನಾಲ್‌ನಲ್ಲಿ 1995ರಲ್ಲಿ ಒಂದು ವಿನಿಮಯ ಕ್ಲಬ್ಬು ಆರಂಭವಾಯಿತು. 2001-02ರಲ್ಲಿ ಆ ದೇಶದ ಬ್ಯಾಂಕುಗಳು ಕುಸಿದಾಗ ಲಕ್ಷಾಂತರ ಜನ ಇಂಥ ಕ್ಲಬ್ಬುಗಳಿಂದಲೇ ಮನೆಗೆ ಆಹಾರ ತಂದರು. ಆದರೆ ಅವರ ಚೀಟಿಗಳನ್ನು ಮಿತಿಯಿಲ್ಲದೆ ಅಚ್ಚು ಹಾಕಿದರು, ನಕಲಿ ಚೀಟಿಗಳೂ ಬಂದವು. ಚೀಟಿಗಳು ಹೆಚ್ಚಿದವು, ಸರಕು ಹೆಚ್ಚಲಿಲ್ಲ. 2002 ಮುಗಿಯುವುದರೊಳಗೆ ಬಹುಪಾಲು ಕ್ಲಬ್ಬುಗಳು ಮುಚ್ಚಿದವು. ಒಂದೇ ಉಪಾಯ ಒಂದು ಕಡೆ ನಿಂತಿತು, ಇನ್ನೊಂದು ಕಡೆ ಬಿತ್ತು. ವ್ಯತ್ಯಾಸ ಇದ್ದದ್ದು ಲೆಕ್ಕದ ಶಿಸ್ತಿನಲ್ಲಿ.

ಇನ್ನು ನನ್ನ ಮನೆಯ ಮಾತು. ನನ್ನ ಮಾಮು ಅವರದು ಸಣ್ಣ ಪ್ರಿಂಟಿಂಗ್ ಪ್ರೆಸ್. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಜಾಲಕ್ಕೆ ಸೇರಿದರು. ಮೊದಲ ತಿಂಗಳಿನಿಂದಲೇ ಕೆಲಸ ಬಂತು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಕೈತುಂಬ ಕೆಲಸ. ಮನೆಯವರೆಲ್ಲ ಸಂತೋಷಪಟ್ಟೆವು. ಮೊಬೈಲಿನಲ್ಲಿ ಅಂಕ ಏರುತ್ತಿರುವುದನ್ನು ಮಾಮು ಊಟದ ಹೊತ್ತಿನಲ್ಲಿ ನಮಗೆ ತೋರಿಸುತ್ತಿದ್ದರು. ಜೂನ್ ತಿಂಗಳು ಬಂತು. ಮಗಳ ಕಾಲೇಜು ಫೀಸು ಕಟ್ಟಬೇಕು, ಕಾಗದದ ವ್ಯಾಪಾರಿ ಬಾಕಿ ಕೇಳುತ್ತಿದ್ದಾನೆ. ಅಂಕ ಎಂಬತ್ತು ಸಾವಿರ ಇದೆ. ಪೆಟ್ಟಿಗೆಯಲ್ಲಿ ಎಂಟು ಸಾವಿರವೂ ಇಲ್ಲ. ಕಾಗದದವನು ಜಾಲದ ಸದಸ್ಯನಲ್ಲ, ಕಾಲೇಜೂ ಅಲ್ಲ. ಜಾಲದಲ್ಲಿ ಸಿಗುತ್ತಿದ್ದದ್ದು ದೂರದೂರಿನ ಹೋಟೆಲಿನ ಕೋಣೆ, ಜಾಹೀರಾತು ಫಲಕ, ಆರೋಗ್ಯ ತಪಾಸಣೆಯ ಕೂಪನ್ನು.

ಆ ವರ್ಷ ಮುಮಾನಿಯ ಬಳೆ ಅಡವಿಟ್ಟು ಫೀಸು ಕಟ್ಟಿದರು. ಮಾಮು ನನಗೆ ಹೇಳಿದ ಮಾತು ಇನ್ನೂ ನೆನಪಿದೆ: "ಬೇಟಾ, ನಾನು ಕೆಲಸ ಕಳಕೊಂಡಿಲ್ಲ, ಕಾಗದ ಕಳಕೊಂಡೆ." ಆ ಎಂಬತ್ತು ಸಾವಿರದಲ್ಲಿ ಕಂಪ್ಯೂಟರ್ ರಿಪೇರಿ, ಅಂಗಡಿಯ ಬೋರ್ಡು, ಒಂದು ಬ್ಯಾಟರಿ ಇವಷ್ಟೇ ಉಪಯೋಗಕ್ಕೆ ಬಂದವು.

ವಿದ್ಯಾರ್ಥಿಗಳೇ, ಮಾಮು ಹೇಳಿದ ಮಾತನ್ನು ಲೆಕ್ಕ ಮಾಡಿ ನೋಡೋಣ. ಹತ್ತು ಸಾವಿರ ರೂಪಾಯಿಯ ಕಾರ್ಡು ಅಚ್ಚು ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಕಾಗದ, ಶಾಯಿ, ಪ್ಲೇಟು, ಕೂಲಿಗೆ ನಗದು ಆರು ಸಾವಿರ ಹೋಯಿತು. ಮಾರುವಾಗ ಶೇಕಡ 5, ಕೊಳ್ಳುವಾಗ ಶೇಕಡ 5 ಕಮಿಷನ್ ಎಂದರೆ ಇನ್ನೊಂದು ಸಾವಿರ. ಕೈಯಿಂದ ಹೋದದ್ದು ಏಳು ಸಾವಿರ ರೂಪಾಯಿ, ಬಂದದ್ದು ಹತ್ತು ಸಾವಿರ ಅಂಕ. ಆ ಅಂಕಗಳಿಂದ ಹೇಗೂ ಕೊಳ್ಳಬೇಕಾಗಿದ್ದ ವಸ್ತುವನ್ನೇ ಮಾರುಕಟ್ಟೆ ಬೆಲೆಗೆ ಕೊಂಡರೆ ಮೂರು ಸಾವಿರ ಲಾಭ. ಜಾಲದೊಳಗೆ ಬೆಲೆ ಶೇಕಡ 20 ಹೆಚ್ಚಾಗಿದ್ದರೆ ಹತ್ತು ಸಾವಿರ ಅಂಕಕ್ಕೆ ಸಿಗುವುದು ಸುಮಾರು 8,300 ರೂಪಾಯಿಯ ವಸ್ತು. ಲಾಭ 1,300ಕ್ಕೆ ಇಳಿಯಿತು. ಬೇಡದ ವಸ್ತು ಕೊಂಡರೆ, ಅಥವಾ ಏನನ್ನೂ ಕೊಳ್ಳದೆ ಅಂಕ ಹಾಗೇ ಉಳಿದರೆ, ಅದು ಪೂರ್ತಿ ನಷ್ಟ. ಇದೇ ಕೆಲಸ ನಗದು ಗಿರಾಕಿಗೆ ಮಾಡಿದ್ದರೆ ನಾಲ್ಕು ಸಾವಿರ ನೇರವಾಗಿ ಉಳಿಯುತ್ತಿತ್ತು.

ಈಗ ಒಂದು ಲಾಡ್ಜನ್ನು ತೆಗೆದುಕೊಳ್ಳಿ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು. ಸಾವಿರ ರೂಪಾಯಿಯ ಕೋಣೆಯನ್ನು ಅಂಕಕ್ಕೆ ಕೊಟ್ಟರೆ ಖರ್ಚಾಗುವುದು ನೀರು, ವಿದ್ಯುತ್ತು, ಬಟ್ಟೆ ಒಗೆಯುವ ಇನ್ನೂರು ರೂಪಾಯಿ ಎಂದುಕೊಳ್ಳೋಣ. ಆ ಅಂಕಕ್ಕೆ ಅರ್ಧ ಬೆಲೆಯ ವಸ್ತು ಸಿಕ್ಕರೂ ಅವನಿಗೆ ನಷ್ಟವಿಲ್ಲ. ಖಾಲಿ ಕುರ್ಚಿಯ ಕಂಪ್ಯೂಟರ್ ತರಬೇತಿ ಕೇಂದ್ರ, ಮಧ್ಯಾಹ್ನ ಕೆಲಸವಿಲ್ಲದ ಎಲೆಕ್ಟ್ರಿಷಿಯನ್ ಕೂಡ ಹಾಗೆಯೇ. ಯಾರ ಬಳಿ ವ್ಯರ್ಥವಾಗುವ ಸಮಯವೋ ಜಾಗವೋ ಇದೆಯೋ ಅವರಿಗೆ ಜಾಲ ಉಪಯೋಗಿ. ನಗದು ಕೊಟ್ಟು ಸರಕು ತಂದು ಸಣ್ಣ ಲಾಭಕ್ಕೆ ಮಾರುವ ಕಿರಾಣಿ ಅಂಗಡಿಯವರಿಗೆ ಅದು ಹಾನಿ.

ತೆರಿಗೆ ಇಲ್ಲವೆಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. 2017ರ ಜಿಎಸ್‌ಟಿ ಕಾಯಿದೆಯ 7ನೇ ಕಲಮಿನಲ್ಲಿ ಮಾರಾಟದ ಜೊತೆಗೇ ವಸ್ತು ವಿನಿಮಯವನ್ನೂ ಹೆಸರಿಸಿ ಸೇರಿಸಿದ್ದಾರೆ. ಅದರ ನಿಯಮಗಳಲ್ಲಿ ಒಂದು ಉದಾಹರಣೆಯೇ ಇದೆ: ಹಳೇ ಫೋನು ತೆಗೆದುಕೊಂಡು ಹೊಸ ಫೋನನ್ನು 20,000 ರೂಪಾಯಿಗೆ ಕೊಟ್ಟರೆ, ಹಳೇ ಫೋನಿಲ್ಲದೆ ಅದರ ಬೆಲೆ 24,000 ಆಗಿದ್ದರೆ, ತೆರಿಗೆಗೆ 24,000ವೇ ಲೆಕ್ಕ. ನೋಂದಣಿ ಇರುವವರು ಅಂಕದಲ್ಲಿ ಮಾರಿದ್ದಕ್ಕೂ ಬಿಲ್ಲು ಹಾಕಬೇಕು, ತೆರಿಗೆ ಕಟ್ಟಬೇಕು. ಸರ್ಕಾರ ಅಂಕವನ್ನು ಒಪ್ಪುವುದಿಲ್ಲ, ರೂಪಾಯಿಯನ್ನೇ ಕೇಳುತ್ತದೆ. ಅಮೆರಿಕದಲ್ಲೂ 1982ರ ಕಾನೂನಿನ ಮೇರೆಗೆ ಇಂಥ ಜಾಲಗಳು ಸದಸ್ಯರ ವ್ಯವಹಾರವನ್ನು ತೆರಿಗೆ ಇಲಾಖೆಗೆ ತಿಳಿಸಬೇಕು.

ಖೈಬರಿನ ಖರ್ಜೂರದ ಪ್ರಸಂಗ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಬುಖಾರಿ, ಮುಸ್ಲಿಂ ಎರಡು ಸಂಗ್ರಹಗಳಲ್ಲೂ ಇದೆ. ಸಾಧಾರಣ ಖರ್ಜೂರ ಎರಡು ಅಳತೆ ಕೊಟ್ಟು ಉತ್ತಮ ಖರ್ಜೂರ ಒಂದು ಅಳತೆ ಪಡೆಯುತ್ತಿದ್ದವರನ್ನು ಪ್ರವಾದಿಯವರು (ಸ) ತಡೆದು, ಮೊದಲು ನಿಮ್ಮದನ್ನು ದಿರ್ಹಮಿಗೆ ಮಾರಿ, ಆ ದಿರ್ಹಮಿನಿಂದ ಉತ್ತಮವಾದದ್ದನ್ನು ಕೊಳ್ಳಿ ಎಂದು ತಿಳಿಸಿದರು. ಇದರ ಶಾಸ್ತ್ರೀಯ ವಿವರವನ್ನು ಉಲಮಾಗಳು ಹೇಳುತ್ತಾರೆ. ಅಂಗಡಿ ನಡೆಸುವವರು ಇದರಿಂದ ಕಲಿಯಬಹುದಾದ ಪಾಠವೆಂದರೆ, ಪ್ರತಿ ವಸ್ತುವಿನ ಬೆಲೆ ಎರಡೂ ಕಡೆಯವರಿಗೆ ಸ್ಪಷ್ಟವಾಗಿರಬೇಕು. ಅಂಕದ ವ್ಯಾಪಾರದಲ್ಲಿ ಮಸುಕಾಗುವುದು ಇದೇ ಬೆಲೆ.

ಹಾಗಾದರೆ ಸೇರುವ ಮೊದಲು ಏನು ಕೇಳಬೇಕು? ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ.

ಒಂದು, ಮುಂದಿನ ಮೂರು ತಿಂಗಳಲ್ಲಿ ನಾನು ಹೇಗೂ ಕೊಳ್ಳಬೇಕಾದ ವಸ್ತುಗಳಲ್ಲಿ ಎಷ್ಟು ಈ ಜಾಲದಲ್ಲಿ, ನನ್ನ ಊರಿನಲ್ಲೇ ಸಿಗುತ್ತವೆ? ಸದಸ್ಯರ ಪಟ್ಟಿ ಪಡೆದು ನಾಲ್ವರಿಗೆ ಫೋನು ಮಾಡಿ. ಪೂರ್ತಿ ಅಂಕಕ್ಕೆ ಕೊಡುತ್ತಾರೋ, ಅರ್ಧ ನಗದು ಕೇಳುತ್ತಾರೋ ವಿಚಾರಿಸಿ.

ಎರಡು, ಎಲ್ಲ ಶುಲ್ಕ, ಕಮಿಷನ್ ಸೇರಿಸಿ ವರ್ಷಕ್ಕೆ ನಗದು ಎಷ್ಟು ಹೋಗುತ್ತದೆ?

ಮೂರು, ನನ್ನ ನೂರು ರೂಪಾಯಿ ಮಾರಾಟದಲ್ಲಿ ಕೈಯಿಂದ ಹೋಗುವ ನಗದು ಎಷ್ಟು? ಅದು ಅರ್ಧಕ್ಕಿಂತ ಹೆಚ್ಚಾದರೆ ಬಹಳ ಎಚ್ಚರಿಕೆ ಬೇಕು.

ನಾಲ್ಕು, ಅಂಕ ಸಾಲ ಪಡೆದ ಸದಸ್ಯ ಊರು ಬಿಟ್ಟರೆ ಹೊಣೆ ಯಾರು? ಸಾಲಕ್ಕೆ ಮಿತಿ, ಭದ್ರತೆ ಇದೆಯೇ? ಬಡ್ಡಿ ಇದೆಯೇ?

ಐದು, ನಾನು ಹೊರಬರುವಾಗ ಉಳಿದ ಅಂಕ ಏನಾಗುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಪಡೆಯಿರಿ.

ಸೇರಿದ ಮೇಲೂ ಒಂದು ಗೆರೆ ಹಾಕಿಕೊಳ್ಳಿ. ತಿಂಗಳ ವ್ಯಾಪಾರದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಂಕದಲ್ಲಿ ಬೇಡ. ಗಳಿಸಿದ ಅಂಕವನ್ನು ಕೂಡಿಡದೆ ಬೇಗ ಖರ್ಚು ಮಾಡಿ. ಅದು ಉಳಿತಾಯವಲ್ಲ, ಬೇರೆಯವರು ನಿಮಗೆ ತೀರಿಸಬೇಕಾದ ಬಾಕಿ.

ಆ ಹುಡುಗನ ತಂದೆಯವರು ಇಂದು ಈ ಸಭೆಯಲ್ಲಿದ್ದಾರೆ. ಭಾಯಿಸಾಬ್, ತಮ್ಮ ಪ್ರಶ್ನೆಗೆ ಈಗ ನನ್ನ ಉತ್ತರ ಕೇಳಿ. ಗೇಟು, ಗ್ರಿಲ್ಲು ಮಾಡಿಕೊಡುವ ಕೆಲಸವನ್ನು ಅಂಕಕ್ಕೆ ಒಪ್ಪಿಕೊಳ್ಳಬೇಡಿ. ಅದರಲ್ಲಿ ಕಬ್ಬಿಣ ಹೋಗುತ್ತದೆ, ಕಬ್ಬಿಣಕ್ಕೆ ನೀವು ನಗದು ಕೊಟ್ಟಿದ್ದೀರಿ. ಮುರಿದದ್ದನ್ನು ಬೆಸೆಯುವ ಸಣ್ಣ ರಿಪೇರಿಯಲ್ಲಿ ನಿಮ್ಮ ಶ್ರಮವೇ ಹೆಚ್ಚು. ಮಳೆಗಾಲದಲ್ಲಿ ಕೈ ಖಾಲಿ ಇರುವಾಗ ಅಂಥ ಕೆಲಸವನ್ನು ಮಾತ್ರ ಅಂಕಕ್ಕೆ ಮಾಡಿ. ಆದರೆ ಮೊದಲ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪ್ರವೇಶ ಶುಲ್ಕ ಕಟ್ಟಬೇಡಿ.

ಕೊನೆಗೆ ಭಾಷೆಯ ಮೇಷ್ಟ್ರಾಗಿ ಒಂದು ಮಾತು. ಕನ್ನಡದಲ್ಲಿ ನಾವು ಕೊಡುಕೊಳ್ಳುವುದು ಎನ್ನುತ್ತೇವೆ, ಕೊಡುವುದು ಮುಂದೆ. ಉರ್ದುವಿನಲ್ಲಿ ಲೇನ್‌ದೇನ್ ಎನ್ನುತ್ತೇವೆ, ಪಡೆಯುವುದು ಮುಂದೆ. ಬಾಳಿನಲ್ಲಿ ಕನ್ನಡದ ಕ್ರಮವೇ ಚೆನ್ನ. ಆದರೆ ವಿನಿಮಯ ಜಾಲದ ಬಾಗಿಲಲ್ಲಿ ನಿಂತಾಗ ಉರ್ದುವಿನ ಕ್ರಮ ನೆನಪಿರಲಿ. ಇಲ್ಲಿಂದ ನಾನು ಪಡೆಯುವುದೇನು ಎಂದು ತಿಳಿದ ಮೇಲೆಯೇ ಕೊಡಲು ಕೈ ಚಾಚಬೇಕು. ನನ್ನ ಮಾಮು ಇದನ್ನು ಬಳೆ ಅಡವಿಟ್ಟು ಕಲಿತರು. ತಮಗೆ ಆ ಖರ್ಚು ಬೇಡ ಎಂದೇ ಇಷ್ಟು ಹೊತ್ತು ಮಾತನಾಡಿದೆ.